ಎರಡು ಕ್ರಾಂತಿ, ಎರಡು ಎಡೆ

ನಾನು ಸಣ್ಣಯ್ಯ, ಮಳವಳ್ಳಿಯಲ್ಲಿ ಚರಿತ್ರೆ ಹೇಳುವ ಮೇಷ್ಟ್ರು. ಊರು ಮದ್ದೂರು ತಾಲ್ಲೂಕಿನ ಕೊಪ್ಪ. ದೆವ್ವ ಕಂಡೆ, ಭೂತ ಕಂಡೆ ಅಂತ ಯಾರಾದರೂ ನನ್ನ ಮುಂದೆ ಬಾಯಿಬಿಟ್ಟರೆ ಮುಖ ಮುರಿಯುವ ಹಾಗೆ ಮಾತಾಡಿ ಕಳಿಸುತ್ತಿದ್ದವನು. ಈಗ ನಾನೇ ಹೇಳಲು ಕೂತಿದ್ದೇನೆ. ನಗುವವರು ನಗಲಿ. ನಡೆದು ಇನ್ನೂ ಎರಡು ತಿಂಗಳಾಗಿಲ್ಲ, ನಾಲಿಗೆಯ ಮೇಲಿನ ಬೆಲ್ಲದ ರುಚಿ ಕೂಡ ನನಗೆ ಪೂರ್ತಿ ಹೋಗಿಲ್ಲ.

ಮೊದಲು ಹೊನ್ನಯ್ಯನ ವಿಷಯ ಹೇಳಬೇಕು. ನಮ್ಮೂರಿನವನೇ, ನಮ್ಮ ಕುಲದವನೇ, ಆದರೆ ಸ್ವಂತಕ್ಕೆ ಒಂದು ಗುಂಟೆ ನೆಲವಿಲ್ಲದ ಮನೆ. ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನಪ್ಪ ತೀರಿಕೊಂಡ ವರ್ಷ ಅವನು ಸ್ಕೂಲು ಬಿಟ್ಟು ಆಲೆಮನೆಗಳಲ್ಲಿ ಬೆಲ್ಲ ಬೇಯಿಸುವ ಕೆಲಸಕ್ಕೆ ಸೇರಿದ. ಕಬ್ಬಿನ ಗಾಣಕ್ಕೆ ಸಿಕ್ಕಿ ಅವನ ಬಲಗೈ ತೋರುಬೆರಳಿನ ತುದಿ ಹೋಗಿತ್ತು. ಪೆನ್ಸಿಲನ್ನು ನಡುಬೆರಳಲ್ಲಿ ಒತ್ತಿ ಹಿಡಿದು ಬರೆಯುತ್ತಿದ್ದ. ಅವನ ತಾಯಿ ಚಿಕ್ಕಬೋರಮ್ಮ ನಮ್ಮ ಗದ್ದೆಯನ್ನು ವಾರಕ್ಕೆ ಮಾಡುತ್ತಿದ್ದಳು, ಬೆಳೆದದ್ದರಲ್ಲಿ ಅರ್ಧ ನಮಗೆ, ಅರ್ಧ ಅವಳಿಗೆ. ಕೆರೆಯ ಹಿಂದಿನ ಒಂದೂವರೆ ಎಕರೆ ಅದು. ನನ್ನ ತಾಯಿಯ ತಂದೆ ನನ್ನ ಹೆಸರಿಗೇ ಬರೆದಿಟ್ಟ ಗದ್ದೆ. ಯಜಮಾನಿಕೆ ಮಾತ್ರ ಕುಲದ ಗೌಡನಾದ ನಮ್ಮಪ್ಪ ಹುಚ್ಚೀರಯ್ಯನದು. ತಾಯಿಯಿಲ್ಲದ ನಾನು ಚಿಕ್ಕಬೋರಮ್ಮನ ಮನೆಯ ಒಲೆ ಮುಂದೆ ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ. ಅವಳನ್ನು ನಾನು ಅವ್ವ ಅಂತಲೇ ಕರೆಯುವುದು.

ಮೂವತ್ತೆಂಟರಲ್ಲಿ ಶಿವಪುರದ ಬಾವುಟದ ಸತ್ಯಾಗ್ರಹ ನೋಡಿ ಬಂದ ವಾರವೇ ನಾವಿಬ್ಬರೂ ಒಂದು ನೋಟ್‌ಬುಕ್ಕು ಶುರುಮಾಡಿದೆವು. ಪುಟಕ್ಕೆ ಎರಡು ಗೆರೆ ಹೊಡೆದು ಮೂರು ಪಾಲು. ಎಡಪಾಲು ಫ್ರಾನ್ಸಿನ ಕ್ರಾಂತಿ, ನಡುಪಾಲು ರಷ್ಯಾದ ಕ್ರಾಂತಿ, ಬಲಪಾಲು ನಮ್ಮದು. ಎಡಪಾಲು ನನ್ನ ವಶ, ನಡುಪಾಲು ಅವನ ವಶ. ಬಲಪಾಲು ಖಾಲಿ, ನಮ್ಮದು ಇನ್ನೂ ಬಂದಿರಲಿಲ್ಲವಲ್ಲ. ಹದಿನೈದು ದಿನ ಅವನ ಹತ್ತಿರ, ಹದಿನೈದು ದಿನ ನನ್ನ ಹತ್ತಿರ, ಹೀಗೆ ಒಂಬತ್ತು ವರ್ಷ ಆ ಬುಕ್ಕು ಓಡಾಡಿತು. ಪುಸ್ತಕಗಳನ್ನು ನಾನು ಮೈಸೂರಿನಿಂದ ತಂದುಕೊಡುತ್ತಿದ್ದೆ. ಕೊಪ್ಪರಿಗೆಯ ಬೆಂಕಿಯ ಮುಂದೆ ಕೂತು ಅವನು ಓದುತ್ತಿದ್ದ, ಹಾಳೆಗಳೆಲ್ಲ ಬೆಲ್ಲದ ವಾಸನೆ.

ಕಾರಣ ಎಂಬ ತಲೆಬರಹದ ಕೆಳಗೆ ನಾನು ಬರೆದಿದ್ದೆ: ಕಂದಾಯವೆಲ್ಲ ರೈತನ ತಲೆಗೆ, ಶ್ರೀಮಂತರಿಗೂ ಪಾದ್ರಿಗಳಿಗೂ ಮಾಫಿ. ಯುದ್ಧಗಳಿಂದ ಖಜಾನೆ ಬರಿದು. ಬೆಳೆ ಕೆಟ್ಟು ರೊಟ್ಟಿ ತುಟ್ಟಿ. ನೂರೆಪ್ಪತ್ತೈದು ವರ್ಷ ಕರೆಯದ ಸಭೆಯನ್ನು ದೊರೆ ಕರೆದ, ಬಂದವರು ಎದ್ದು ಹೋಗಲಿಲ್ಲ. ಅವನು ನಡುಪಾಲಿನಲ್ಲಿ ಬರೆದಿದ್ದ: ಜೀತ ತೆಗೆದರು, ಸಾಲುವಷ್ಟು ನೆಲ ಕೊಡಲಿಲ್ಲ. ಲಕ್ಷಗಟ್ಟಲೆ ರೈತರನ್ನು ಯುದ್ಧಕ್ಕೆ ಅಟ್ಟಿ ಸಾಯಿಸಿದರು. ಊರಲ್ಲಿ ಹೆಂಗಸರು ಚಳಿಯಲ್ಲಿ ರೊಟ್ಟಿಗೆ ಸಾಲು ನಿಂತರು. ಅಷ್ಟರ ಮಟ್ಟಿಗೆ ನಮಗೆ ಜಗಳವಿರಲಿಲ್ಲ. ಎರಡೂ ಕಡೆ ಹಸಿವೇ ಮೊದಲು ಎದ್ದದ್ದು ಅಂತ ಇಬ್ಬರೂ ಒಪ್ಪಿದ್ದೆವು.

ಜಗಳ ಹತ್ತಿದ್ದು ಆದರ್ಶ ಎಂಬ ತಲೆಬರಹಕ್ಕೆ ಬಂದಾಗ. ನಾನು ದೊಡ್ಡಕ್ಷರದಲ್ಲಿ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಅಂತ ಬರೆದೆ. ಅವನು ನೆಲ, ರೊಟ್ಟಿ, ಶಾಂತಿ ಅಂತ ಬರೆದ.

"ಲೇ ಸಣ್ಣಯ್ಯ, ನಿನ್ನ ಫ್ರಾನ್ಸಿನೋರು ಅಕ್ಕುಗಳ ಪಟ್ಟಿ ಮಾಡಿ, ಅದ್ರಲ್ಲೇ ಆಸ್ತಿ ಪವಿತ್ರ ಅಂತ್ಲೂ ಬರ್ಕಂಡವ್ರೆ," ಅಂದ. "ಆಸ್ತಿ ಇಲ್ದೋನು ಏನ್ ಮಾಡ್ಬೇಕ್ಲಾ? ಓಟು ಕೂಡ ಕಂದಾಯ ಕಟ್ಟೋನ್ಗೆ ಮಾತ್ರ ಅಂದವ್ರೆ."

"ನಿನ್ನ ರಷ್ಯಾದವರು ಜನ ಆರಿಸಿದ ಸಭೆಗೆ ಒಂದೇ ದಿನಕ್ಕೆ ಬಾಗಿಲು ಹಾಕಿಸಿದರಲ್ಲೋ, ಅದೇನು?" ಅಂದೆ. "ಬಾಯಿಗೆ ಬೀಗ ಹಾಕಿ ಕೈಗೆ ರೊಟ್ಟಿ ಕೊಟ್ಟರೆ ಅದನ್ನು ತಿನ್ನುವುದು ಹೇಗೆ?"

ಅವನು ಪೆನ್ಸಿಲನ್ನು ನನ್ನ ಕಡೆ ತಳ್ಳಿದ. ಅದನ್ನು ಹಾಗೇ ಬರೆದುಕೋ, ನನಗೆ ಉತ್ತರ ಸಿಕ್ಕಿಲ್ಲ ಅಂದ. ಅವನ ಗುಣ ಅದು. ಸೋತಾಗ ಸೋತೆ ಅನ್ನುತ್ತಿದ್ದ. ನನಗೆ ಆ ಗುಣ ಇರಲಿಲ್ಲ.

ನಲವತ್ತೆರಡರ ಆಗಸ್ಟಿನಲ್ಲಿ ಮದ್ದೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ನಾನು ಅವನಿಗೆ ಫ್ರಾನ್ಸಿನ ಆಗಸ್ಟ್ ನಾಲ್ಕರ ಕಥೆ ಹೇಳಿದೆ. ಜಹಗೀರುದಾರರೆಲ್ಲ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು, ಕಣ್ಣೀರು ಹಾಕಿಕೊಂಡು, ನಮ್ಮ ಹಕ್ಕೆಲ್ಲ ಬಿಟ್ಟೆವು ಅಂತ ಸಾರಿದ ದಿನ. ಹೊನ್ನಯ್ಯ ಬೀಡಿ ಎಳೆಯುತ್ತಾ ಕೇಳಿದ.

"ಆಮೇಲೆ ಏನಾಯ್ತು ಅದನ್ನೂ ಏಳು. ಅಂದು ಬುಟ್ಕೊಟ್ರು, ವಾರ ಕಳ್ದು ಅದಕ್ಕೆ ಬೆಲೆ ಕಟ್ಟಿ ರೈತನ್ನೇ ಕೇಳುದ್ರು. ನಿಂದೇ ಪುಸ್ತಕದಲ್ಲಿ ಅದೆ. ಅಳಾದು ಸುಲಭ ಕಣ್ಲಾ. ನಮ್ಮಲ್ಲೂ ಜನ ಆರ್ಸಿದ ಜವಾಬ್ದಾರಿ ಸರ್ಕಾರ ಬತ್ತದೆ. ಅವತ್ತು ನೀನೂ ಅಳ್ತೀಯ. ಕೆರೆ ಇಂದಲ ಗದ್ದೆಯ ಬುಡ್ತೀಯಾ?"

ನನಗೆ ಪಿತ್ತ ನೆತ್ತಿಗೇರಿತು. ಅವನ ಕೈಯಿಂದ ನೋಟ್‌ಬುಕ್ಕು ಕಿತ್ತುಕೊಂಡು, ಖಾಲಿ ಬಲಪಾಲಿನಲ್ಲಿ, ಪೆನ್ಸಿಲು ಮುರಿಯುವ ಹಾಗೆ ಒತ್ತಿ ಬರೆದೆ: 'ನಮ್ಮ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದ ದಿನ, ಕೆರೆ ಹಿಂದಿನ ಒಂದೂವರೆ ಎಕರೆ ಗದ್ದೆಯನ್ನು, ಉಳುತ್ತಿರುವ ಚಿಕ್ಕಬೋರಮ್ಮನಿಗೇ ಬಿಟ್ಟುಕೊಡುತ್ತೇನೆ. ಇದಕ್ಕೆ ಯಾರ ಬಲವಂತವೂ ಇಲ್ಲ.' ಕೆಳಗೆ ರುಜು ಹಾಕಿ, ಸಾಕ್ಷಿ ಎಂದು ಬರೆದು, ಪೆನ್ಸಿಲನ್ನು ಅವನ ಮುಂದೆ ಎಸೆದೆ. ಹಾಕೋ ನಿನ್ನ ರುಜು ಅಂದೆ.

ಅವನು ಪುಟವನ್ನು ಎರಡು ಸಲ ಓದಿದ. ಪೆನ್ಸಿಲು ಮುಟ್ಟಲಿಲ್ಲ. "ಕೊಟ್ಟ ದಿನ ಆಕ್ತೀನಿ ಬುಡು ಸಾಕ್ಸಿಯ," ಅಂದು ನಕ್ಕ. ಸಾಕ್ಷಿ ಎಂಬ ಮಾತಿನ ಮುಂದೆ ಜಾಗ ಖಾಲಿಯೇ ಉಳಿಯಿತು.

ಈ ವರ್ಷ ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು, ನಮ್ಮ ಸಂಸ್ಥಾನಕ್ಕೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಅಂತ ಹಳ್ಳಿಹಳ್ಳಿಯಿಂದ ಜನ ಹೊರಟರು. ನಾವಿಬ್ಬರೂ ಒಟ್ಟಿಗೆ ಹೊರಟವರೇ. ಮದ್ದೂರು ಸ್ಟೇಷನ್ನಿನಲ್ಲಿ, ಅದೇ ಕಲ್ಲುಬೆಂಚಿನ ಹತ್ತಿರ, ಪರೀಕ್ಷೆಯ ಪೇಪರು ತಿದ್ದುವುದಿದೆ ಅಂತ ನಾನು ಹಿಂದೆ ಸರಿದೆ. ಸುಳ್ಳು. ನನಗೆ ಹೆದರಿಕೆಯಾಗಿತ್ತು. ಹೊನ್ನಯ್ಯ ನೋಟ್‌ಬುಕ್ಕನ್ನೂ ತನ್ನ ಪೆನ್ಸಿಲನ್ನೂ ನನ್ನ ಕೈಗೆ ಕೊಟ್ಟು ರೈಲು ಹತ್ತಿದ. ಜೈಲು ಸೇರಿದ. ಅಲ್ಲಿ ವಿಷಮಶೀತ ಜ್ವರ ಹಿಡಿಯಿತು. ಊರಿಗೆ ತಂದು ಹಾಕಿದ ನಾಲ್ಕನೆಯ ದಿನ ತೀರಿಕೊಂಡ. ಸಾಯುವ ಹಿಂದಿನ ದಿನ ನಾನು ಹೋಗಿ ಕೂತಿದ್ದೆ. ಜ್ವರದಲ್ಲಿ ನನ್ನ ಮುಖ ನೋಡಿ, "ಬಂತೇನ್ಲಾ ಸರ್ಕಾರ?" ಅಂತ ಕೇಳಿದ. ಇನ್ನೂ ಇಲ್ಲ ಅಂದೆ. ಮಗ್ಗುಲಾದ.

ಅಕ್ಟೋಬರಿನ ಎರಡನೆಯ ವಾರ ಸರ್ಕಾರ ಬಂತು. ಮಹಾರಾಜರು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದ ಸುದ್ದಿ ಮಳವಳ್ಳಿಗೆ ಮುಟ್ಟಿದ ಮರುದಿನ ಸ್ಕೂಲಿನ ಬಯಲಲ್ಲಿ ನನ್ನದೇ ಭಾಷಣ. ಫ್ರಾನ್ಸಿನಲ್ಲಿ ತಲೆಗಳು ಉರುಳಿದವು, ರಷ್ಯಾದಲ್ಲಿ ಅಂತಃಕಲಹವಾಯಿತು, ನಮ್ಮದು ಎರಡೂ ಅಲ್ಲ, ಕೊಡಬೇಕಾದವರು ತಾವೇ ಕೊಟ್ಟ ಕ್ರಾಂತಿ ಅಂದೆ. ಚಪ್ಪಾಳೆ ಬಿತ್ತು. ಸಂತೋಷದಲ್ಲಿ ಕಣ್ಣೀರು ಬಂತು. ಹೌದು, ಅತ್ತೆ. ಹೊನ್ನಯ್ಯ ಹೇಳಿದ್ದು ಸುಳ್ಳಾಗಲಿಲ್ಲ.

ಮಾರನೆಯ ದಿನ ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಭಾಷಣ ಮುಗಿದ ಕೂಡಲೇ ಇದ್ದಿಲ ಹೊಗೆಯಿಂದ ಓಡುವ ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಕೊಪ್ಪ ಸೇರಿದೆ. ಅಪ್ಪ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿದ್ದ.

"ಅಬ್ಬ ಮುಗೀಲಿ, ಬೋರಮ್ಮನ್ಗೆ ಗದ್ದೆ ಬುಡು ಅಂತ ಏಳ್ತೀನಿ," ಅಂದ. "ಗದ್ದೆಗೆ ನಾಲೆ ನೀರು ಬರ್ತಾ ಅದೆ. ಮಂಡ್ಯದ ಕಾರ್ಖಾನೆಗೆ ಕಬ್ಬು ಆಕವ. ಗಂಡಸಿಲ್ದ ಮನೆ, ಅವಳಾದ್ರೂ ಎಷ್ಟಂತ ಮಾಡಾಳು."

ಗದ್ದೆ ನನ್ನದು, ನಾನು ಬೇರೆ ಮಾತು ಕೊಟ್ಟಿದ್ದೇನೆ ಅನ್ನಬೇಕಿತ್ತು. ಅನ್ನಲಿಲ್ಲ. ಮೂವತ್ತರ ಹತ್ತಿರ ಬಂದ ಗಂಡಸು, ಊರಿಗೆಲ್ಲ ಕ್ರಾಂತಿ ಬೋಧಿಸುವವನು, ಅಪ್ಪನ ಮುಂದೆ ಹೂಂ ಅಂದೆ.

ಅದೇ ಹೊತ್ತಿಗೆ ಚಿಕ್ಕಬೋರಮ್ಮ ಬಾಗಿಲಿಗೆ ಬಂದಳು. ಮಗ ಹೋಗಿ ತಿಂಗಳಾಗಿರಲಿಲ್ಲ, ಅರ್ಧ ಇಳಿದುಹೋಗಿದ್ದಳು. "ನಾಳೆ ಒನ್ನಯ್ಯಂಗೆ ಒಸ ಎಡೆ ಇಕ್ತೀನಿ ಮಗ. ಗೌಡ್ರೇ ಬಂದು ಬಾಗ್ಲು ತೆಗೀಬೇಕು. ನೀನೂ ಬಾ. ಆ ಬುಕ್ಕು ನಿನ್ತಾವ್ಲೆ ಅದೆಯಲ್ಲ, ತಕ್ಕಬಾ. ಅನ್ನ ಬುಟ್ರೂ ಅದ ಬುಡ್ತಿರ್ನಿಲ್ಲ ಅವ್ನು."

ತರುತ್ತೇನವ್ವ ಅಂದೆ. ಅವಳು ಹೋದ ಮೇಲೆ ಒಳಗೆ ಹೋಗಿ ನೋಟ್‌ಬುಕ್ಕು ತೆಗೆದೆ. ಎಡೆಯ ಮನೆಗೆ ಹತ್ತು ಜನ ಬರುತ್ತಾರೆ, ಓದು ಬಲ್ಲವರು ಯಾರಾದರೂ ತಿರುವಿ ಹಾಕಿದರೆ? ಸತ್ತವನಿಗೆ ಕೊಟ್ಟ ಮಾತು ಸತ್ತವನ ಜೊತೆಗೇ ಹೋಯಿತು ಅಂತ ನನಗೆ ನಾನೇ ಹೇಳಿಕೊಂಡು ಆ ಒಂದು ಹಾಳೆಯನ್ನು ಬುಡಸಮೇತ ಹರಿದೆ. ಬಚ್ಚಲ ಒಲೆಗೆ ಹಾಕಿದೆ. ಪೂರ್ತಿ ಬೂದಿಯಾಗುವ ತನಕ ನಿಂತು ನೋಡಿದೆ.

ನಮ್ಮ ಕಡೆಯ ಎಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸತ್ತವರು ಇಷ್ಟಪಡುತ್ತಿದ್ದುದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚುತ್ತಾರೆ. ಎಲೆಯಿಂದ ಹೊಸ್ತಿಲವರೆಗೆ ಬೂದಿಯನ್ನು ಜರಡಿ ಹಿಡಿದು ಹರಡುತ್ತಾರೆ, ಬಂದವರು ಬಂದ ಗುರುತು ಅದರಲ್ಲಿ ಕಾಣಬೇಕು. ಆಮೇಲೆ ಮನೆಮಂದಿಯೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಒಳಗಿನವರು ಉಣ್ಣುವಷ್ಟು ಹೊತ್ತು ಯಾರೂ ಬಾಗಿಲ ಹತ್ತಿರ ಸುಳಿಯುವ ಹಾಗಿಲ್ಲ. ಆಮೇಲೆ ಕುಲದ ಹಿರಿಯ ಮೂರು ಸಲ ಕೆಮ್ಮಿ, ಬಾಗಿಲು ತಟ್ಟಿ ತೆರೆಯುತ್ತಾನೆ. ಅಲ್ಲಿಯವರೆಗೆ ಬಂದವರೆಲ್ಲ ಉಪವಾಸ. ಇಲಿಯೋ ಇರುವೆಯೋ ಎಲೆ ಕೆದಕಿರುತ್ತದೆ, ಇವರು ಹಿರಿಯರು ಬಂದರು ಅಂತ ಅಳುತ್ತಾರೆ ಅಂತ ನಾನು ಪ್ರತಿವರ್ಷ ನಗುತ್ತಿದ್ದೆ.

ಚಿಕ್ಕಬೋರಮ್ಮನದು ಒಂದೇ ಅಂಕಣದ ಮನೆ, ಒಂದೇ ಬಾಗಿಲು, ಕಿಟಕಿಯಿಲ್ಲ. ಹಬ್ಬದ ದಿನ ನಡುಹಗಲು. ಎಲೆಯ ಮೇಲೆ ಮುದ್ದೆ, ಕೋಳಿಸಾರು, ಅನ್ನ, ವಡೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ನಾನು ನೋಟ್‌ಬುಕ್ಕನ್ನು ಮುಚ್ಚಿ, ಅವನ ಪೆನ್ಸಿಲನ್ನು ಮೇಲಿಟ್ಟು, ಎಲೆಯ ತುದಿಗೆ ಇಟ್ಟೆ. ಅವಳು ಬೂದಿ ಜರಡಿ ಹಿಡಿದುಕೊಂಡು ಹಿಂದಕ್ಕೆ ಹಿಂದಕ್ಕೆ ಬಂದು ಹೊಸ್ತಿಲು ದಾಟಿದಳು. ಅಪ್ಪ ಬಾಗಿಲು ಎಳೆದ. ಅಂಗಳದಲ್ಲಿ ಹತ್ತು ಹನ್ನೆರಡು ಜನ ಕೂತಿದ್ದೆವು. ಅವತ್ತು ಆ ಮನೆಯ ಮಾಡಿನ ಮೇಲೆ ಒಂದು ಕಾಗೆಯೂ ಕೂರಲಿಲ್ಲ. ಪಕ್ಕದ ಮನೆಯ ಮಾಡಿನ ಮೇಲೆ ಸಾಲಾಗಿ ಕೂತು ಈ ಕಡೆಗೇ ನೋಡುತ್ತಿದ್ದವು.

ಅಪ್ಪ ಕೆಮ್ಮಿ ಬಾಗಿಲು ತೆರೆದ. ಹೊಸ್ತಿಲಲ್ಲೇ ನಿಂತ.

ಬೂದಿಯ ಮೇಲೆ ಒಂದು ಹೆಜ್ಜೆಯಿಲ್ಲ, ಇಲಿಯ ಗೀರೂ ಇಲ್ಲ. ಅನ್ನ, ಮುದ್ದೆ ಇಟ್ಟ ಹಾಗೇ ಇದ್ದವು. ನೋಟ್‌ಬುಕ್ಕು ಮಾತ್ರ ತೆರೆದಿತ್ತು. ಪೆನ್ಸಿಲು ಕೆಳಗೆ ಉರುಳಿತ್ತು. ತೆರೆದ ಪುಟದ ಮೇಲೆ ಯಾರೋ ಬೂದಿ ತೆಗೆದು ಅಂಗೈಯಲ್ಲಿ ಸವರಿದ್ದರು. ಮೂರು ಬೆರಳು ಉದ್ದಕ್ಕೆ ಎಳೆದಿದ್ದವು. ಒಂದು ಬೆರಳಿನ ಗುರುತು ಗಿಡ್ಡ.

ಚಿಕ್ಕಬೋರಮ್ಮ ಗೋಡೆ ಹಿಡಿದು ಬದಿಯಿಂದ ಹೋಗಿ ಬುಕ್ಕನ್ನು ಎರಡು ಕೈಯಲ್ಲಿ ಎತ್ತಿ ತಂದಳು. "ಏನೋ ಬರ್ದವ್ನೆ. ಓದು ಮಗ," ಅಂದು ನನ್ನ ಕೈಗಿತ್ತಳು.

ಮೇಷ್ಟ್ರ ಬುದ್ಧಿ ನೋಡಿ, ಅಕ್ಷರ ಕಂಡರೆ ಬಾಯಿ ತಾನೇ ಓದುತ್ತದೆ. "ನಮ್ಮ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದ ದಿನ," ಅಂತ ಗಟ್ಟಿಯಾಗಿ ಓದಿಬಿಟ್ಟೆ. ಆಮೇಲೆ ಗೊತ್ತಾಯಿತು. ಐದು ವರ್ಷದ ಹಿಂದೆ ನಾನು ಸಿಟ್ಟಿನಲ್ಲಿ ಒತ್ತಿ ಬರೆದದ್ದು ಕೆಳಗಿನ ಹಾಳೆಯಲ್ಲೂ ಪಡಿಮೂಡಿತ್ತು. ನಾನು ಸುಟ್ಟದ್ದು ಮೇಲಿನ ಹಾಳೆ. ಗೀರುಗಳಲ್ಲೆಲ್ಲ ಈಗ ಬೂದಿ ಕೂತು ನನ್ನ ಕೈಬರಹ ಒಂದಕ್ಷರ ತಪ್ಪದೆ ಎದ್ದು ನಿಂತಿತ್ತು. ಅದರ ಕಾರಣ ನನಗೆ ತಿಳಿಯಿತು. ಸವರಿದ ಕೈ ಯಾವುದು ಅನ್ನುವುದಕ್ಕೆ ಕಾರಣ ಹೊಳೆಯಲಿಲ್ಲ.

"ಬಂತಲ್ಲ ಸರ್ಕಾರ ಮೊನ್ನೆನೆ. ಮುಂದಕ್ಕೋದಪ್ಪ," ಅಂದಳು ಮಂಗಳಮ್ಮ, ಪಕ್ಕದ ಮನೆಯವಳು.

ನಾನು ಬುಕ್ಕು ಮುಚ್ಚಲು ಹೋದೆ. ಆಗ ಚಿಕ್ಕಬೋರಮ್ಮ ಕಣ್ಣುಮುಚ್ಚಿಕೊಂಡು, ಮಗ್ಗಿ ಒಪ್ಪಿಸುವ ಹಾಗೆ, ತಾನೇ ಹೇಳಿದಳು: "ಕೆರೆ ಇಂದಿನ ಒಂದೂವರೆ ಎಕರೆ ಗದ್ದೆಯನ್ನು, ಉಳುತ್ತಿರುವ ಚಿಕ್ಕಬೋರಮ್ಮನಿಗೇ ಬಿಟ್ಟುಕೊಡುತ್ತೇನೆ. ಇದಕ್ಕೆ ಯಾರ ಬಲವಂತವೂ ಇಲ್ಲ." ಓದು ಬಾರದ ಹೆಂಗಸು. ಮಗ ಓದಿ ಓದಿ ಬಾಯಿಪಾಠ ಮಾಡಿಸಿದ್ದ. ಐದು ವರ್ಷ ಅದನ್ನು ಬಾಯಲ್ಲಿಟ್ಟುಕೊಂಡು, ಒಂದು ದಿನವೂ ನನ್ನ ಮುಂದೆ ಎತ್ತಿರಲಿಲ್ಲ. ನಾನಾಗಿಯೇ ಹೇಳಲಿ ಅಂತ ಕಾದಿದ್ದಳು.

ಅಪ್ಪ ನನ್ನ ಕಡೆ ತಿರುಗಿದ. "ನಿನ್ನ ಬರವಣಿಗೆಯೇನ್ಲಾ ಅದು?"

ಅಂಗಳವೆಲ್ಲ ನನ್ನನ್ನೇ ನೋಡುತ್ತಿತ್ತು. ಒಂದು ಹೌದು ಸಾಕಿತ್ತು. ನಾನು ಹೇಳಿದ್ದು, "ಅಲ್ಲ. ನಾನು ಬರ್ದಿಲ್ಲ."

ಚಿಕ್ಕಬೋರಮ್ಮ ಅಳಲಿಲ್ಲ, ಬೈಯಲಿಲ್ಲ. ನನ್ನ ಕೈಯಿಂದ ಬುಕ್ಕನ್ನು ಮೆಲ್ಲಗೆ ತೆಗೆದುಕೊಂಡಳು. "ಅಂಗಾರೆ ಬರ್ದಿದ್ದ ಸಣ್ಣಯ್ಯ ಈಗಿಲ್ಲ," ಅಂದಳು. "ಅವ್ನೂ ನನ್ನ ಮನೇಲಿ ಉಂಡು ಬೆಳ್ದೋನು. ನಂಗೆ ತಿಳೀನೇ ಇಲ್ಲ ಓಗಿದ್ದು. ತಿಳ್ದಿದ್ರೆ ಅವನ್ಗೂ ಇಕ್ತಿದ್ದೆ."

ಒಳಗೆ ಹೋದಳು. ಹೊನ್ನಯ್ಯನ ಎಲೆಯ ಪಕ್ಕ ಇನ್ನೊಂದು ಎಲೆ ಹಾಸಿದಳು. ಒಲೆಯ ಬದಿಯಿಂದ ಕಜ್ಜಾಯದ ತಟ್ಟೆ ತಂದಳು. ಹೊನ್ನಯ್ಯನಿಗೆ ಸಿಹಿ ಸೇರುತ್ತಿರಲಿಲ್ಲ, ದಿನವೆಲ್ಲ ಬೆಲ್ಲದ ಹೊಗೆ ಕುಡಿಯುವವನು. ಕಜ್ಜಾಯ ಇಷ್ಟ ನನಗೆ. ನನಗೆಂದೇ ಮಾಡಿಟ್ಟಿದ್ದಳು. ಮೂರನ್ನು ಆ ಎಲೆಯ ಮೇಲಿಟ್ಟಳು.

"ಬದ್ಕಿರೋರ್ಗೆ ಎಡೆ ಇಕ್ಬಾರ್ದು ಕಣಮ್ಮ," ಅಂದಳು ಮಂಗಳಮ್ಮ.

"ಬದ್ಕಿರೋರ್ಗೆ ಇಕ್ತಿಲ್ಲ ಕಣಕ್ಕ," ಅಂದಳು ಚಿಕ್ಕಬೋರಮ್ಮ. ಬುಕ್ಕನ್ನು ಎರಡು ಎಲೆಗಳ ನಡುವೆ ಇಟ್ಟು, ಹೊಸದಾಗಿ ಬೂದಿ ಜರಡಿ ಹಿಡಿದು, ಹಿಂದಕ್ಕೆ ನಡೆದು ಬಂದು ಬಾಗಿಲು ಮುಚ್ಚಿದಳು.

ಇದೇನು ಹುಚ್ಚಾಟ ಅಂತ ನಾನು ಗದರಬೇಕಿತ್ತು. ಅಪ್ಪನಾದರೂ ಗದರಬೇಕಿತ್ತು. ಮತ್ತೆ ಎಲ್ಲರೂ ಕೂತರು. ನಾನು ಮಂಗಳಮ್ಮನ ಪಕ್ಕ ಕೂತು, "ಅಕ್ಕ, ನೀನಾದರೂ ಹೇಳಬಾರದಾ," ಅಂದೆ. ಅವಳು ಬಾಗಿಲನ್ನೇ ನೋಡುತ್ತಿದ್ದಳು. ಕೇಳಿಸಿತೋ ಇಲ್ಲವೋ. ಇನ್ನೂ ಸ್ವಲ್ಪ ಜೋರಾಗಿ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡಳು, ಅಷ್ಟೆ. ಹೊನ್ನಯ್ಯನ ನಾಯಿ, ನನ್ನನ್ನು ಕಂಡರೆ ಮೈಮೇಲೆ ಹಾರುವ ನಾಯಿ, ನನ್ನ ಕಾಲಿನ ಪಕ್ಕದಲ್ಲೇ ಹಾದುಹೋಯಿತು. ಮೂಸಲಿಲ್ಲ.

ನಾಚಿಕೆಗೆ ಯಾರೂ ನನ್ನ ಮುಖ ನೋಡುತ್ತಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಎದ್ದು ಅಪ್ಪನ ಮುಂದೆ ಹೋಗಿ ನಿಂತೆ. "ಅಪ್ಪಯ್ಯ, ಹೊತ್ತಾಯಿತು. ಬಾಗಿಲು ತೆಗೆಸು." ಅವನ ಕಣ್ಣು ನನ್ನನ್ನು ದಾಟಿ ಬಾಗಿಲ ಮೇಲೆ ನೆಟ್ಟಿತ್ತು, ನಾನು ಅಡ್ಡ ನಿಂತೇ ಇಲ್ಲವೇನೋ ಅನ್ನುವ ಹಾಗೆ. ಪಕ್ಕದ ಮಾಡಿನ ಕಾಗೆಗಳು ಒಂದೊಂದಾಗಿ ಹಾರಿ ಬಂದು ಚಿಕ್ಕಬೋರಮ್ಮನ ಮಾಡಿನ ಮೇಲೆ ಕೂತವು.

ಆಗ ಒಳಗೆ ಎಲೆ ಸರಿದ ಸದ್ದಾಯಿತು. ಗಟ್ಟಿ ಅಂಚಿನ ಕಜ್ಜಾಯವನ್ನು ಯಾರೋ ಕಚ್ಚಿದರು. ನಾನು ಕೇಳಿದೆ, ಆಣೆಯಾಗಿ ಕೇಳಿದೆ. ಬೆಳಗ್ಗೆಯಿಂದ ನೀರೂ ಮುಟ್ಟದ ನನ್ನ ಬಾಯಿಯ ತುಂಬ ಬೆಲ್ಲದ ರುಚಿ ಬಂತು. ಹಲ್ಲಿನ ಸಂದಿಯಲ್ಲಿ ಒಂದು ಎಳ್ಳು ಸಿಕ್ಕಿತು. ಒಳಗೆ ಅಗಿಯುತ್ತಿದ್ದರು, ನನ್ನ ಗಂಟಲಲ್ಲಿ ಇಳಿಯುತ್ತಿತ್ತು.

ಮೂರೂ ಕಜ್ಜಾಯ ಮುಗಿದರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಎಡೆಯ ಬಾಗಿಲನ್ನು ನಡುವೆ ತೆಗೆಯಬಾರದು ಅನ್ನುವ ಮಾತನ್ನು ಹುಟ್ಟಿದಾಗಿನಿಂದ ಕೇಳಿದವನು, ಓಡಿಹೋಗಿ ಭುಜ ಕೊಟ್ಟು ಬಾಗಿಲು ತಳ್ಳಿದೆ.

ಒಳಗೆ ಯಾರೂ ಇರಲಿಲ್ಲ. ದೀಪ ಉರಿಯುತ್ತಿತ್ತು. ಹೊಸ್ತಿಲಿಂದ ಎರಡನೆಯ ಎಲೆಯವರೆಗೆ ಬೂದಿಯ ಮೇಲೆ ಬರಿಗಾಲಿನ ಹೆಜ್ಜೆಗಳಿದ್ದವು, ಒಳಕ್ಕೆ ಹೋದವು ಮಾತ್ರ. ನಾನು ನಡೆದೆ. ನನ್ನ ಕಾಲು ಒಂದೊಂದರಲ್ಲೂ ಸರಿಯಾಗಿ ಕೂತಿತು. ಎಲೆಯ ಮೇಲೆ ಎರಡೂವರೆ ಕಜ್ಜಾಯ ಉಳಿದಿದ್ದವು.

ಅಲ್ಲೇ ಕುಕ್ಕರಿಸಿ ಎರಡು ಕೈಯಲ್ಲೂ ಬಾಚಿ ತಿಂದೆ. ಅಳುತ್ತಾ ತಿಂದೆ. ಕಚ್ಚಿದ ಅರ್ಧವನ್ನೂ ಬಿಡಲಿಲ್ಲ. ಬಾಯಿತುಂಬ ತುಂಬಿಕೊಂಡೇ ಬಾಗಿಲ ಕಡೆ ತಿರುಗಿ, "ನಾನೇ ಬರ್ದಿದ್ದು. ನನ್ನ ಕೈಬರವೇ ಅದು. ಹಾಳೆ ಹರಿದು ಸುಟ್ಟೋನೂ ನಾನೇ. ಗದ್ದೆ ಅವ್ವಂದು," ಅಂದೆ.

ಈಗ ಎಲ್ಲರೂ ನನ್ನನ್ನು ನೋಡಿದರು. ನಾಯಿ ಬೊಗಳಿತು. ಅಪ್ಪ ಹೊಸ್ತಿಲಲ್ಲಿ ನಿಂತು, "ನಿಮ್ಮಜ್ಜ ಕೊಟ್ಟಿದ್ದು, ನೀನು ಕಳ್ಕೊತೀಯ, ನಂಗೇನು," ಅಂದು ಟವೆಲ್ಲು ಹೆಗಲಿಗೆಸೆದು ಹೊರಟುಹೋದ. ಹಿಂದಕ್ಕೆ ತಿರುಗಿ ನೋಡಲಿಲ್ಲ. ಆ ಕ್ಷಣದಲ್ಲಿ ಅವನು ಬೈದದ್ದೂ ನನಗೆ ಹಿತವಾಗಿಯೇ ಕೇಳಿಸಿತು.

ಚಿಕ್ಕಬೋರಮ್ಮ ಬಂದು ನನ್ನ ಎದುರು ಕೂತಳು. "ಬಾಯಲ್ಲಿ ಏಳುದ್ರೆ ಸಾಲ್ದು ಮಗ. ಅವತ್ತಿನಂಗೆ ಬರಿ," ಅಂದಳು.

ಬುಕ್ಕನ್ನು ಎಳೆದುಕೊಂಡು ಹೊನ್ನಯ್ಯನ ಪೆನ್ಸಿಲು ಹಿಡಿದೆ. ಬೂದಿಯ ಅಕ್ಷರಗಳ ಮೇಲೆಯೇ ಒಂದೊಂದಾಗಿ ತಿದ್ದುತ್ತಾ ಬಂದೆ. ಒತ್ತುವ ಅಗತ್ಯವೇ ಇರಲಿಲ್ಲ, ಪೆನ್ಸಿಲು ಗೀರಿನಲ್ಲಿ ತಾನಾಗಿ ಹರಿಯುತ್ತಿತ್ತು. ಜವಾಬ್ದಾರಿ ಸರ್ಕಾರ. ಗದ್ದೆ. ಚಿಕ್ಕಬೋರಮ್ಮ. ಬಲವಂತವೂ ಇಲ್ಲ. ನನ್ನ ರುಜು. ಅದರ ಕೆಳಗೆ ಸಾಕ್ಷಿ ಎಂಬ ಮಾತು. ಅಲ್ಲಿಗೆ ಮುಗಿಯಿತು, ಮುಂದೆ ಏನೂ ಇಲ್ಲ ಅಂತ ನನಗೆ ಗೊತ್ತು. ಕೈ ಎತ್ತಲು ಹೋದೆ. ಪೆನ್ಸಿಲಿನ ಮೊನೆ ಇನ್ನೊಂದು ಗೀರಿಗೆ ಬಿದ್ದು ಮುಂದಕ್ಕೆ ಹೋಯಿತು. ನಡುಬೆರಳಲ್ಲಿ ಒತ್ತಿ ಬರೆಯುವವರ ಅಕ್ಷರ, ಎಡಕ್ಕೆ ವಾಲಿದ್ದು. ನಾನು ಬಿಟ್ಟ ಹಾಗೆ ಅದು ಹೋಗಿ, ಹೆಸರನ್ನು ಪೂರ್ತಿ ಬರೆದು, ಅಡಿಯಲ್ಲಿ ಅವನು ಎಳೆಯುತ್ತಿದ್ದ ಓರೆ ಗೆರೆಯನ್ನೂ ಎಳೆದು ನಿಂತಿತು.

"ಆಯ್ತಾ?" ಅಂತ ಕೇಳಿದಳು ಚಿಕ್ಕಬೋರಮ್ಮ.

"ಆಯ್ತವ್ವ," ಅಂದೆ. "ಹೊನ್ನಯ್ಯ ಸಾಕ್ಷಿ ಹಾಕವ್ನೆ."

ಅವಳು ಆ ಓರೆ ಗೆರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಮಗನ ಎಲೆಯಿಂದ ಮುದ್ದೆ ಮುರಿದು ನನ್ನ ಎಲೆಗಿಟ್ಟು, ಸಾರು ಬಿಟ್ಟು, "ಉಣ್ಣು, ಆರೋಯ್ತದೆ," ಅಂದಳು.